ಮೂರು ಚುಕ್ಕಿಯ ಅಲಗು

ನಮ್ಮ ಹೊಸ ಮನೆಯ ವಾಸ್ತುಶಾಂತಿಗೆ ಬಂದವರೆಲ್ಲ ಹೊರಗಿನ ಖೋಲಿಯಲ್ಲಿ ಕೂತು ನೆಲದ ಫರಸಿ ಎಲ್ಲಿಂದ ತರಿಸಿದಿರಿ, ಗೋಡೆಗೆ ಯಾವ ಬಣ್ಣ ಹೊಡೆಸಿದಿರಿ ಎಂದು ವಿಚಾರಿಸುತ್ತಿದ್ದರೆ, ಕಂಬಾರ ಕಾಕಾ ಚಪ್ಪಲಿ ಬಿಟ್ಟವರೇ ನೆಟ್ಟಗೆ ಅಡಿಗೆಮನೆಗೆ ನುಗ್ಗಿದರು. ಒಳಗೆ ಹೆಂಗಸರು ಹೋಳಿಗೆ ಮಾಡುತ್ತಿದ್ದರು. ನನ್ನ ಹೆಂಡತಿ ಗಾಬರಿಯಾಗಿ, "ನೀರು ಬೇಕೇನ್ರಿ ಕಾಕಾ?" ಎಂದಳು.

"ನೀರು ಬ್ಯಾಡ ತಂಗಿ. ನಿನ್ನ ಚಾಕೂ ತೋರ್ಸು."

ಅವಳ ಅಣ್ಣ ಉಡುಗೊರೆ ಕೊಟ್ಟ ಆರು ಚಾಕುಗಳ ಸೆಟ್ಟು ಕಟ್ಟೆಯ ಮೇಲೆ ಕಟ್ಟಿಗೆಯ ಸ್ಟ್ಯಾಂಡಿನಲ್ಲಿ ಮಿರಮಿರ ಮಿಂಚುತ್ತಿತ್ತು. ಕಾಕಾ ಒಂದೊಂದನ್ನೇ ಎಳೆದು, ಅಲಗಿನ ಮೇಲೆ ಹೆಬ್ಬೆರಳನ್ನು ಅಡ್ಡ ಆಡಿಸಿ, ಮತ್ತೆ ಅದರದರ ತೂತಿಗೆ ತುರುಕಿದರು. ಆರೂ ಮುಗಿದ ಮೇಲೆ, "ಇವು ಹೊಳಿಯಾಕ ಹುಟ್ಟ್ಯಾವು, ಕೊಯ್ಯಾಕಲ್ಲ" ಎಂದು ತೀರ್ಪು ಕೊಟ್ಟು ಊಟಕ್ಕೂ ನಿಲ್ಲದೆ ಹೊರಟುಬಿಟ್ಟರು. ಮರುದಿನ ಬೆಳಗ್ಗೆ ಪೇಪರಿನಲ್ಲಿ ಸುತ್ತಿದ ಒಂದು ಕರಿ ಚಾಕು ತಂದರು. ಹೆಂಡತಿ ಕೈ ಚಾಚಿದರೆ ಕೊಡಲಿಲ್ಲ, ನೆಲದ ಮೇಲಿಟ್ಟರು. ಅಲಗನ್ನು ಕೈಯಿಂದ ಕೈಗೆ ಕೊಡಬಾರದಂತೆ. ಕೊಡುವವರು ಕೆಳಗಿಡಬೇಕು, ಬೇಕಾದವರು ಬಗ್ಗಿ ಎತ್ತಿಕೊಳ್ಳಬೇಕು. ಆ ಚಾಕು ನೋಡಲು ಬಡಪಾಯಿ, ಒರೆಸಿಡದಿದ್ದರೆ ಸಂಜೆಗೆ ತುಕ್ಕು. ಆದರೆ ಅದು ಬಂದಮೇಲೆ ಆರರ ಸೆಟ್ಟು ಕಪಾಟು ಸೇರಿತು.

ಗೋಕಾಕದಿಂದ ಮಮದಾಪುರದ ಕಡೆ ಹೋಗುವ ದಾರಿಯಲ್ಲಿ, ಊರು ಮುಗಿದು ಹೊಲ ಶುರುವಾಗುವಲ್ಲಿ ಅವರ ಕುಲುಮೆ ಇತ್ತು. ಕಂಬಾರಿಕೆ ಅವರ ಮನೆತನದ ಉದ್ಯೋಗ. ನಾನು ಗೋಕಾಕದ ಒಂದು ಐ.ಟಿ.ಐ.ಯಲ್ಲಿ ಹುಡುಗರಿಗೆ ಕಬ್ಬಿಣದ ಕೆಲಸ ಕಲಿಸುವ ಮಾಸ್ತರ. ಅವರ ಹೆಸರು ಬರೆಯುವುದಿಲ್ಲ. ಅವರು ತಮ್ಮ ಅಲಗುಗಳ ಮೇಲೂ ಹೆಸರು ಹಾಕಿದವರಲ್ಲ. ಹಿಡಿಯ ಹತ್ತಿರ ಉಳಿಯ ತುದಿಯಿಂದ ಮೂರು ಚುಕ್ಕಿ ಹೊಡೆಯುತ್ತಿದ್ದರು, ಅಷ್ಟೇ. ಹೋದ ಶ್ರಾವಣದಲ್ಲಿ ತೀರಿಕೊಂಡರು. ಇದನ್ನು ಬರೆಯಬೇಕೆಂದು ಕೂತಾಗಿನಿಂದ ನಾನು ಮೂರು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಿದ್ದೇನೆ. ಒಂದು ಸಲ ಸುಮ್ಮನೆ ಮೋಟರ್ ಸೈಕಲ್ ಒರೆಸಿದೆ. ಕೂಡಲಾಗದ ಈ ಚಾಳಿ ಅವರದು, ಈಗ ನನಗೆ ಗಂಟು ಬಿದ್ದಿದೆ.

ಅವರು ನಿಜಕ್ಕೂ ಕೂಡುತ್ತಿರಲಿಲ್ಲ. ಕುಲುಮೆಯ ಮುಂದೆ ಕುಕ್ಕರಗಾಲಿನಲ್ಲಿ ಇದ್ದಷ್ಟು ಹೊತ್ತೇ ಕೂತದ್ದು. ಕಬ್ಬಿಣ ಕಾಯಲಿ ಎಂದು ಬಿಡುವ ಎರಡು ನಿಮಿಷದಲ್ಲೂ ಎದ್ದು, ಹೊರಗೆ ಹೋಗಿ, ರಸ್ತೆಯ ಎರಡೂ ಕಡೆ ನೋಡಿ ಬರುತ್ತಿದ್ದರು. ಯಾರು ಬರುವುದಿತ್ತೋ ದೇವರಿಗೇ ಗೊತ್ತು. ಮೊಣಕಾಲ ತನಕ ಎತ್ತಿ ಕಟ್ಟಿದ ಧೋತರ, ಕಿಡಿ ಬಿದ್ದು ತೂತಾದ ಬನಿಯನ್ನು, ಎಡಗಡೆ ಅರ್ಧ ಸುಟ್ಟುಹೋದ ಹುಬ್ಬು. ಹುಕ್ಕೇರಿಯ ಸಂತೆಗೆ, ಮೂಡಲಗಿಯ ಸಂತೆಗೆ ಕುಡಗೋಲು, ಕುರ್ಪಿ, ಕಬ್ಬು ಕಡಿಯುವ ಕೊಯ್ತಾಗಳ ಚೀಲ ಹೊತ್ತು ಬಸ್ಸು ಹತ್ತಿದರೆ, ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಿದ್ದರು. ಯಾಕೆಂದು ಕೇಳಿದರೆ, "ಕುಂತ್ರ ಊರು ದೂರ ಆಕ್ಕೈತ್ರಿ" ಎನ್ನುತ್ತಿದ್ದರು.

ನನಗೂ ಅವರಿಗೂ ಗಂಟು ಬಿದ್ದದ್ದು ಉಕ್ಕಿನ ಜಗಳದಿಂದ. ನನ್ನದು ಪುಸ್ತಕದ ವಿದ್ಯೆ. ಅವರದು ಗುಜರಿಯದು. ಲಾರಿಯ ಕಮಾನ್ ಪಾಟಾ ಎಂಬ ಸ್ಪ್ರಿಂಗ್ ಪಟ್ಟಿ, ಒಡೆದ ಬೇರಿಂಗು, ಸವೆದ ಕಾನಸು, ಅಂದರೆ ಕಬ್ಬಿಣ ಉಜ್ಜುವ ಅರ, ಇವೇ ಅವರ ಖಜಾನೆ. ಗುಜರಿಯವನು ಚೀಲ ಸುರಿದರೆ ಒಂದೊಂದು ತುಂಡನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಿದ್ದರು. ಸಾಣೆಗಲ್ಲಿಗೆ ತಾಗಿಸಿ ಕಿಡಿ ನೋಡುತ್ತಿದ್ದರು. ಕಿಡಿ ಕವಲೊಡೆದು ಚದುರಿದರೆ ಗಟ್ಟಿ ಉಕ್ಕು, ಉದ್ದಕ್ಕೆ ಎಳೆದು ಸುಮ್ಮನಾದರೆ ಮೆತ್ತನೆಯದು. ನಾನು ಕಾಲೇಜಿನ ಯಂತ್ರದಲ್ಲಿ ಗಟ್ಟಿತನ ಅಳೆದು ತಂದು ಹೇಳಿದರೆ, "ಹೌದೇನ್ರಿ? ನಿಮ್ಮ ಯಂತ್ರಕ್ಕೂ ತಿಳೀತಲ್ಲ, ಚಲೋ ಆತು" ಎಂದು ನಗುತ್ತಿದ್ದರು.

ಒಮ್ಮೆ ಹಟಕ್ಕೆ ಬಿದ್ದು ಒಂದೇ ಅಳತೆಯ ಮೂರು ಚಾಕು ಮಾಡಿಸಿದೆ. ಒಂದು ಕಮಾನ್ ಪಾಟಾದ್ದು, ಒಂದು ಬೇರಿಂಗಿನದು, ಒಂದು ಕಾನಸಿನದು. ನಾನು ಮಧ್ಯಾಹ್ನ ಊಟ ಮಾಡುವ ಖಾನಾವಳಿಯ ಅಕ್ಕನಿಗೆ ಮೂರನ್ನೂ ಕೊಟ್ಟು, ಹದಿನೈದು ದಿನ ಸಾಣೆ ಹಿಡಿಯದೆ ಉಳ್ಳಾಗಡ್ಡಿ ಕೊಯ್ಯಿರಿ, ಯಾವುದು ಹೇಗೆ ಎಂದು ಹೇಳಿರಿ ಎಂದೆ. ಕಮಾನ್ ಪಾಟಾ ನಾಲ್ಕು ದಿನಕ್ಕೆ ಮೊಂಡಾಯಿತು. ಬೇರಿಂಗು ಎಂಟು ಹತ್ತು ದಿನ ತಡೆಯಿತು. ಕಾನಸಿನದು ಹದಿನೈದನೆಯ ದಿನವೂ ಟೊಮೆಟೊ ಸಿಪ್ಪೆಯನ್ನು ಕಚ್ಚಿ ಹಿಡಿಯುತ್ತಿತ್ತು. ನಾನು ಗೆದ್ದವನಂತೆ ಮೂರನ್ನೂ ಕುಲುಮೆಗೆ ಒಯ್ದೆ. ಕಾಕಾ ಒಂದು ಜಾಲಿ ಕೊರಡಿನ ಸೀಳಿಗೆ ಒಂದೊಂದೇ ಚಾಕುವಿನ ತುದಿ ತೂರಿಸಿ ಹಿಡಿಯನ್ನು ಒತ್ತಿದರು. ಕಾನಸಿನದು ಹಪ್ಪಳದಂತೆ ಮುರಿಯಿತು. ಬೇರಿಂಗಿನದು ಸ್ವಲ್ಪ ಬಾಗಿ ತುದಿ ಕಳೆದುಕೊಂಡಿತು. ಕಮಾನ್ ಪಾಟಾ ಬಿಲ್ಲಿನ ಹಾಗೆ ಬಾಗಿ, ಬಿಟ್ಟ ಕೂಡಲೇ ನೆಟ್ಟಗಾಯಿತು.

"ನೋಡ್ರಿ ಮಾಸ್ತರ, ಅಲಗು ಎರಡು ಥರ ಸಾಯ್ತೈತಿ. ಸವದು ಸಾಯ್ತೈತಿ, ಇಲ್ಲಾ ಮುರದು ಸಾಯ್ತೈತಿ. ಸವಿಯೂದು ಮೊದಲ ಹೇಳಿ ಸವೀತೈತಿ. ಮುರಿಯೂದು ಹೇಳೂದಿಲ್ಲ. ಮೊಂಡ ಅಲಗು ಬೈಸ್ಕೊಂತೈತಿ, ಮುರದ ಅಲಗು ಅಳಸ್ತೈತಿ."

ಖಾನಾವಳಿಯ ಅಕ್ಕ ಮಾತ್ರ ಕಾನಸಿನದೇ ಬೇಕೆಂದು ಹಟ ಹಿಡಿದಳು. "ಮುರದ್ರ ಮುರೀಲಿ ಬಿಡ್ರಿ, ಉಳ್ಳಾಗಡ್ಡಿ ಏನ್ ಕಲ್ಲಾ?" ಎಂದಳು. ನಾನಿದನ್ನು ಕಾಕಾನಿಗೆ ಹೇಳಿದಾಗ ಅವರಿಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. "ಖರೆ ಹೇಳ್ಯಾಳ ನೋಡ್ರಿ ಆಕಿ. ಯಾವ ಉಕ್ಕು ಚಲೋ ಅಂತ ಕೇಳಬಾರದ್ರಿ. ಯಾರ ಕೈಯಾಗ, ಏನು ಕೊಯ್ಯಾಕ ಅಂತ ಕೇಳಬೇಕು." ಆ ವಾರವೇ ಅವಳಿಗೆ ಮತ್ತೊಂದು ಕಾನಸಿನ ಚಾಕು ಹೋಯಿತು. ಕಬ್ಬು ಕಡಿಯುವವರಿಗೆ ಮಾತ್ರ, ಏನೇ ಆದರೂ, ಕಮಾನ್ ಪಾಟಾದ ಕೊಯ್ತಾವೇ. ಕಬ್ಬನ್ನು ನೆಲಕ್ಕೆ ಹತ್ತಿ ಕಡಿಯಬೇಕು. ಹೊಡೆತ ಹೊಡೆತಕ್ಕೂ ಮಣ್ಣು, ಹರಳು, ಕಲ್ಲು. ಅಲ್ಲಿ ಅಲಗು ಹಲ್ಲು ಉದುರಿಸಿದರೆ ಚೂರು ಕಡಿಯುವವರ ಮುಖಕ್ಕೇ ಹಾರುತ್ತದೆ.

ಉಕ್ಕು ಯಾವುದಾದರೂ ಇರಲಿ, ಅದರ ಹಣೆಬರಹ ನಿಂತಿರುವುದು ಹದ ಹಾಕುವ ಒಂದು ಗಳಿಗೆಯ ಮೇಲೆ. ಅಲಗನ್ನು ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದುವ ಗಳಿಗೆ ಅದು. ಕಡಿಮೆ ಕಾದರೆ ಮೆತ್ತಗುಳಿಯುತ್ತದೆ, ಹೆಚ್ಚು ಕಾದರೆ ಒಳಗಿನ ಹರಳು ದಪ್ಪವಾಗಿ ಗಾಜಿನ ಹಾಗೆ ಒಡೆಯುತ್ತದೆ. ಯಾವಾಗ ಅದ್ದಬೇಕು ಎನ್ನುವುದಕ್ಕೆ ಕಾಕಾನ ಬಳಿ ಇದ್ದ ಅಳತೆ ಒಂದೇ, ಬಣ್ಣ. "ಹಣ್ಣಾದ ಬಾರಿಕಾಯಿ ಬಣ್ಣ ಬರ್ಬೇಕ್ರಿ. ಅದರ ಮ್ಯಾಲ ಒಂದು ಉಸರು ಜಾಸ್ತಿ ಆದ್ರೂ ಕೆಟ್ಟತು." ಬೋರೆಹಣ್ಣಿನ ಆ ಕೆಂಪು ಬರುವಾಗ ಮಾತು ನಿಲ್ಲುತ್ತಿತ್ತು. ಆ ಮನುಷ್ಯ ಅಲುಗದೆ ಇದ್ದದ್ದನ್ನು ನಾನು ಕಂಡದ್ದು ಆಗ ಮಾತ್ರ.

ಇಲ್ಲಿಂದ ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಅವರ ಕುಲುಮೆಗೆ ಕಿಟಕಿ ಇರಲಿಲ್ಲ. ನಾಲ್ಕು ಮಣ್ಣಿನ ಗೋಡೆ, ಹೊಗೆ ಹತ್ತಿ ಕಪ್ಪಾದ ತಗಡಿನ ಮಾಡು, ಬಗ್ಗಿ ಹೋಗುವ ಒಂದು ಬಾಗಿಲು. ಹಾಡುಹಗಲೂ ಒಳಗೆ ಸಂಜೆ. ಒಂದು ದಿನ ಆ ಕತ್ತಲಲ್ಲಿ ಸುತ್ತಿಗೆ ತಪ್ಪಿ ಎಡಗೈಯ ಬೆರಳಿಗೆ ಬಿದ್ದು ಉಗುರು ಕಿತ್ತುಬಂತು. ಈ ವಯಸ್ಸಿನಲ್ಲಿ ಈ ಗವಿಯಲ್ಲಿ ಕೆಲಸ ಮಾಡುತ್ತಾರಲ್ಲ ಎಂದು ನನಗೆ ಅನ್ನಿಸಿತು. ದೀಪಾವಳಿ ಸೂಟಿಯಲ್ಲಿ ಕಾಕಾ, ಅವರ ಹೆಂಡತಿ ಕಾಕು ಇಬ್ಬರೂ ಕಾಕುನ ತವರು ಹುಕ್ಕೇರಿಗೆ ನಾಲ್ಕು ದಿನ ಹೋದರು. ಆ ನಾಲ್ಕು ದಿನದಲ್ಲಿ ನಾನು ಒಬ್ಬ ಫಿಟ್ಟರನನ್ನು ಕರೆದೊಯ್ದು ಮಾಡಿನ ಎರಡು ತಗಡು ತೆಗೆಸಿ, ಬೆಳಕು ಹಾಯುವ ಫೈಬರ್ ಶೀಟು ಕೂಡಿಸಿದೆ. ಅವರಿಗೆ ಹೇಳಲಿಲ್ಲ. ಬಂದು ನೋಡಿ ಬೆರಗಾಗಲಿ ಎಂಬ ಆಸೆ.

ಬೆರಗಾದರು. ಕೆಳಗೆ ನಿಂತು, ಎರಡೂ ಅಂಗೈ ಮೇಲೆ ಮಾಡಿ ಬಿಸಿಲನ್ನು ಹಿಡಿದರು. "ಮಾಸ್ತರ, ನಮ್ಮಪ್ಪ ಇದನ್ನ ಕಂಡಿದ್ರ ಇಲ್ಲೇ ಕುಂತು ಪೇಪರ ಓದತಿದ್ದ!" ಎಂದರು. ಬಂದ ಗಿರಾಕಿಗಳಿಗೆಲ್ಲ, ಮಾಸ್ತರು ಮಾಡಿಸಿಕೊಟ್ಟದ್ದು ಎಂದು ಮೇಲೆ ಕೈ ಮಾಡಿ ತೋರಿಸುತ್ತಿದ್ದರು. ನಾನು ಉಬ್ಬಿಹೋದೆ.

ಒಂದು ವಾರ ಕಳೆದಿರಬೇಕು. ಕಬ್ಬಿನ ಹಂಗಾಮು ಶುರುವಾಗಿ ಕೊಯ್ತಾಗಳ ಬೇಡಿಕೆ ಏರಿತ್ತು. ನಾನು ಬಾಗಿಲಲ್ಲಿ ಕೂತು ಮೊಬೈಲ್ ನೋಡುತ್ತಿದ್ದೆ. ಕಾಕಾ ಇಕ್ಕಳದಲ್ಲಿ ಅಲಗು ಹಿಡಿದು, "ಮಾಸ್ತರ, ಯಾಕೋ ಕಬ್ಬಿಣ ಬಣ್ಣಾನ ಬಿಡವಲ್ದು. ಎಷ್ಟ ಕಾಸಿದ್ರೂ ಮಬ್ಬ ಕಾಣತೈತಿ" ಎಂದರು.

ನಾನು ತಲೆ ಎತ್ತದೆ ಹೇಳಿದೆ: "ವಯಸ್ಸಾತಲ್ರಿ ಕಾಕಾ. ಒಮ್ಮೆ ಕಣ್ಣು ತೋರಿಸ್ಕೊಂಡು ಬರ್ರಿ."

ಅವರು ಇನ್ನಷ್ಟು ಗಾಳಿ ಹೊಡೆದು, ಇನ್ನಷ್ಟು ಕಾಸಿ, ತಮಗೆ ಬೇಕಾದ ಬಣ್ಣ ಕಂಡಮೇಲೆ ಎಣ್ಣೆಯಲ್ಲಿ ಅದ್ದಿದರು. ಆ ಹಂಗಾಮಿಗೆ ಹೀಗೆ ಇಪ್ಪತ್ತೆಂಟು ಕೊಯ್ತಾ ತಯಾರಾದವು. ಹುಕ್ಕೇರಿ, ಮೂಡಲಗಿಗಳ ಸಂತೆಯಲ್ಲಿ ಎರಡೇ ವಾರದಲ್ಲಿ ಖಾಲಿಯಾದವು.

ಮಮದಾಪುರದ ಹತ್ತಿರದ ಒಂದು ಹೊಲದಿಂದ ಮೊದಲ ಸುದ್ದಿ ಬಂತು. ಕಡಿಯುವವನೊಬ್ಬನ ಕೊಯ್ತಾ ಕಲ್ಲಿಗೆ ತಾಗಿ ಅಲಗಿನ ಚೂರು ಹಾರಿ, ಹುಬ್ಬಿನ ಕೆಳಗೆ ಕಚ್ಚಿತ್ತು. ಕಣ್ಣು ಉಳಿದದ್ದು ಒಂದು ಕಾಳಿನಷ್ಟು ಅಂತರದಲ್ಲಿ. ಕಾಕಾ ಅವನನ್ನು ನೋಡಿಕೊಂಡು, ಮುರಿದ ಕೊಯ್ತಾ ತಂದು, ಮುರಿದ ಬಾಯನ್ನು ಬಿಸಿಲಿಗೆ ಹಿಡಿದರು. ಒಳ್ಳೆಯ ಹದದ ಉಕ್ಕು ಮುರಿದರೆ ಒಳಗೆ ಮೈದಾ ಹಿಟ್ಟಿನಷ್ಟು ನುಣುಪು. ಇದು ಸಕ್ಕರೆಯ ಹಾಗೆ ಹರಳು ಹರಳು.

"ಸುಟ್ಟೇತಿ" ಎಂದರು. ಆಮೇಲೆ, "ಎಲ್ಲಾನೂ ಸುಟ್ಟಿರ್ತಾವು. ಇಪ್ಪತ್ತೇಳು ಹೊರಗ ಅದಾವ" ಎಂದರು. ಕುಲುಮೆಯ ಕೆಂಡಕ್ಕೆ ನೀರು ಹೊಡೆದು ಎದ್ದುಬಿಟ್ಟರು.

ನನಗೆ ಆಗಲೂ ಹೊಳೆಯಲಿಲ್ಲ. ಹೊಳೆದದ್ದು ಮರುದಿನ, ಪಾಠ ಮಾಡುವಾಗ. ನಮ್ಮ ಕಾಲೇಜಿನಲ್ಲಿ ಉಕ್ಕು ಕಾಸುವ ಕೋಣೆಯ ಕಿಟಕಿ ಗಾಜಿಗೆ ಕಪ್ಪು ಬಣ್ಣ ಬಳಿಸಿದ್ದೇವೆ. ಅದು ಯಾಕೆ ಎಂದು ಪ್ರತಿ ವರ್ಷ ನಾನೇ ಹೇಳುತ್ತೇನೆ: ಬೆಳಕು ಹೆಚ್ಚಿದ್ದರೆ ಕಾದ ಕಬ್ಬಿಣ ಇದ್ದದ್ದಕ್ಕಿಂತ ಮಬ್ಬು ಕಾಣುತ್ತದೆ, ಕಡಿಮೆ ಕಾದಿದೆ ಎಂದುಕೊಂಡು ಹೆಚ್ಚು ಕಾಸುತ್ತೀರಿ, ಮಾಲು ಕೆಡುತ್ತದೆ. ಆ ದಿನವೂ ಅದೇ ಮಾತನ್ನು ಅದೇ ಧಾಟಿಯಲ್ಲಿ ಹೇಳುತ್ತಿದ್ದೆ. ಅರ್ಧಕ್ಕೆ ನಾಲಿಗೆ ನಿಂತಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವುದು ನನ್ನಂಥವನನ್ನು ನೋಡಿಯೇ ಹುಟ್ಟಿದ ಗಾದೆ. ಹುಡುಗರು ಮುಖ ಮುಖ ನೋಡಿಕೊಂಡರು. ನಾನು ಹೊರಗೆ ಬಂದು ಗಾಡಿ ಹತ್ತಿ ನೇರ ಕುಲುಮೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು, ಇದನ್ನು ನಂಬಬೇಕು.

ಕಾಕಾ ದಾರಿಯಲ್ಲೇ ನಿಂತಿದ್ದರು. ಹೆಗಲ ಮೇಲೆ ಚೀಲ, ಅದರಲ್ಲಿ ತಮ್ಮ ಹಳೆಯ, ನಂಬಿಕೆಯ ಕೊಯ್ತಾಗಳು. "ಚಲೋ ಆತು ಬಂದ್ರಿ. ನಡೀರಿ ಹುಕ್ಕೇರಿಗೆ. ಇವತ್ತ ಸಂತಿ ಐತಿ. ಇನ್ನೊಂದು ಹಾರೂದರಾಗ ಎಲ್ಲಾ ಹೊಳ್ಳಿ ತರೂಣು."

ಹುಕ್ಕೇರಿ ಮುಟ್ಟಿದ ಮೇಲೆ ಹೇಳೋಣ ಎಂದುಕೊಂಡೆ. ಹುಕ್ಕೇರಿಯಲ್ಲಿ ಅವರು ಸಂತೆಯ ನಟ್ಟನಡುವೆ ನಿಂತು, "ಮೂರು ಚುಕ್ಕಿ ಕೊಯ್ತಾ ಒಯ್ದಾವ್ರು ಹೊಳ್ಳಿ ತರ್ರಿ! ಹದಾ ಕೆಟ್ಟಾವು! ಬದಲಿ ಕೊಡ್ತೇನಿ!" ಎಂದು ಕೂಗಿದರು. ಮಾರುವವನು ತನ್ನ ಮಾಲು ಕೆಟ್ಟಿದೆ ಎಂದು ಕೂಗುವುದನ್ನು ಆ ಸಂತೆ ಎಂದೂ ಕೇಳಿರಲಿಕ್ಕಿಲ್ಲ. ಕೆಲವರು ನಕ್ಕರು. ಬಾಜೂ ಕುಡಗೋಲು ಮಾರುತ್ತಿದ್ದವನು, "ಕಾಕಾ, ನಿಮ್ಮ ಸಂಗಾಟ ನಮ್ಮ ಹೊಟ್ಟಿ ಮ್ಯಾಲೂ ಕಲ್ಲ ಹಾಕಬ್ಯಾಡ್ರಿ" ಎಂದು ಬೈದ. ಒಂಬತ್ತು ಕೊಯ್ತಾ ಸಿಕ್ಕವು. ಹಿಂದೆ ಬರುವಾಗ ಹೇಳೋಣ ಎಂದುಕೊಂಡೆ. ಹಿಂದೆ ಬರುವಾಗ ಅವರು ನನ್ನ ಬೆನ್ನ ಹಿಂದೆ ಕೂತು ಯಾರು ಯಾರು ಒಯ್ದಿದ್ದರು ಎಂದು ನೆನಪು ಮಾಡಿಕೊಳ್ಳುತ್ತಿದ್ದರು. ಚಹಾಕ್ಕೆ ನಿಂತಾಗ ಹೇಳೋಣ ಎಂದುಕೊಂಡೆ. ಅವರು ಚಹಾ ಬೇಡ ಎಂದರು.

ಹನ್ನೊಂದು ದಿನ ತಿರುಗಿದೆವು. ಕಬ್ಬಿನ ಗ್ಯಾಂಗುಗಳು ಒಂದು ಕಡೆ ನಿಲ್ಲುವುದಿಲ್ಲ. ಇವತ್ತು ಈ ಹೊಲ, ನಾಳೆ ಇನ್ನೊಂದು. ಕಾಲೇಜು ಮುಗಿಸಿ ಮೂರಕ್ಕೆ ಹೊರಟರೆ ಬೆಳಕು ಇರುವ ತನಕ ಹುಡುಕಾಟ. ಕಾಕಾ ಪ್ರತಿ ಹೊಲದ ಬದುವಿನಲ್ಲೂ ಗಾಡಿ ನಿಲ್ಲುವ ಮೊದಲೇ ಜಿಗಿದು ಓಡುತ್ತಿದ್ದರು. ಎಲ್ಲಿ ಇನ್ನೊಬ್ಬನ ಕಣ್ಣಿಗೆ ಹೋಗುತ್ತದೋ ಎಂಬುದೊಂದೇ ಧ್ಯಾಸ. ನನಗೆ ಮಾತ್ರ ಎರಡು ಧ್ಯಾಸ. ಇವತ್ತು ಹೇಳಬೇಕು ಎಂಬುದು ಒಂದು. ಇವತ್ತು ಬೇಡ ಎಂಬುದು ಇನ್ನೊಂದು. ಹೇಳಿದರೆ ಏನಾಗುತ್ತಿತ್ತು? ಆ ಹುಬ್ಬಿನ ಗಾಯ ನನ್ನ ಲೆಕ್ಕಕ್ಕೆ ಬರುತ್ತಿತ್ತು. ಸಂತೆಯಲ್ಲಿ ಜನ ನನ್ನ ಕಡೆ ಬೆರಳು ಮಾಡುತ್ತಿದ್ದರು, ಉಕ್ಕಿನ ಪಾಠ ಹೇಳುವ ಮಾಸ್ತರ ಮಾಡಿದ್ದು ನೋಡ್ರಿ ಎಂದು. ಅಷ್ಟೇ. ಅಷ್ಟಕ್ಕೆ ನಾನು ಹೆದರಿದೆ.

ಕೊನೆಯ ಕೊಯ್ತಾ ಮೂಡಲಗಿಯ ಆಚೆಯ ಒಂದು ಹೊಲದಲ್ಲಿ, ಒಬ್ಬ ಹೆಣ್ಣುಮಗಳ ಕೈಯಲ್ಲಿತ್ತು. ನಲವತ್ತರ ಆಸುಪಾಸಿನವಳು, ತಲೆಗೆ ಟವೆಲ್ ಸುತ್ತಿಕೊಂಡು ಗಂಡಸರ ಸರಿಸಮ ಕಡಿಯುತ್ತಿದ್ದಳು. ಕಾಕಾ ಬದಲಿಗೆ ಎರಡು ಕೊಯ್ತಾ ಕೊಡುತ್ತೇನೆ ಎಂದರೂ ಒಪ್ಪಲಿಲ್ಲ.

"ಹದಿನೆಂಟು ದಿನ ಆತ್ರಿ, ಒಮ್ಮಿನೂ ಸಾಣಿ ಹಿಡದಿಲ್ಲ. ನನ್ನ ಜೋಡಿ ಕಡಿಯಾವ್ರು ದಿನಾ ಸಂಜಿಕೆ ಕಲ್ಲಿಗೆ ಉಜ್ಜಕೊಂತ ಕುಂದರ್ತಾರ. ನಾ ಆ ಹೊತ್ತಿನ್ಯಾಗ ರೊಟ್ಟಿ ಬಡದು ಮಲಗತೇನಿ. ಇಂಥಾ ಅಲಗು ನನ್ನ ಜನ್ಮದಾಗ ಸಿಕ್ಕಿಲ್ಲ. ಯಾಕ ಕೊಡ್ಲಿ?"

"ಅದಕ್ಕ ಕೊಡು ಅನ್ನಾಕತ್ತೇನಿ ಯವ್ವಾ. ಈ ಹೊತ್ತಿಗೆ ಅದು ಮೊಂಡ ಆಗಬೇಕಿತ್ತು. ಆಗಿಲ್ಲಂದ್ರ ಮುರಿಯಾಕ ಕುಂತೈತಿ."

"ಮುರದ್ರ ನೋಡೂಣು."

"ಮುರದ್ರ ನೋಡಾಕ ಕಣ್ಣು ಇರಬೇಕಲ್ಲವಾ."

ಅವಳು ಅವರ ಮುಖ ನೋಡಿದಳು. ಆಮೇಲೆ ಕೊಯ್ತಾವನ್ನು ನೆಲದ ಮೇಲಿಟ್ಟಳು. ಕಾಕಾ ಎತ್ತಿಕೊಂಡು, ಹೆಗಲ ಮೇಲಿನ ವಸ್ತ್ರವನ್ನು ಅಲಗಿಗೆ ಸುತ್ತಿ, ಎಲ್ಲರಿಗೂ ಹಿಂದೆ ಸರಿಯಲು ಹೇಳಿ, ಟ್ರ್ಯಾಕ್ಟರ್ ಟ್ರಾಲಿಯ ಕಬ್ಬಿಣದ ಅಂಚಿಗೆ ಒಂದೇ ಒಂದು ಏಟು ಹೊಡೆದರು. ದೊಡ್ಡ ಏಟೇನೂ ಅಲ್ಲ. ವಸ್ತ್ರ ಬಿಚ್ಚಿದರೆ ಅಲಗು ಮೂರು ತುಂಡಾಗಿತ್ತು. ಒಂದು ಚೂರು ವಸ್ತ್ರವನ್ನು ತೂರಿ ಹೊರಗೆ ಬಂದಿತ್ತು. ಅವಳು ತನ್ನ ಕೆನ್ನೆ ಮುಟ್ಟಿಕೊಂಡಳು. "ಇದರಂಗ ಧಾರ ಇರೂದು, ಮುರೀಲಾರದ್ದು, ಯಾವಾಗ ಮಾಡಿ ಕೊಡ್ತೀರಿ?" ಎಂದು ಕೇಳಿದಳು.

"ಅಂಥಾದ್ದು ಯಾರ ಕಡೆನೂ ಆಗೂದಿಲ್ಲ ಯವ್ವಾ. ಧಾರ ಬೇಕಂದ್ರ ಬಾಗೂ ಗುಣ ಬಿಡಬೇಕು ಅಂತಲ್ಲ, ಎರಡರ ನಡುವ ಒಂದು ಜಾಗಾ ಐತಿ. ಅದನ್ನ ಕಣ್ಣೀಲೆ ಹಿಡೀಬೇಕು. ನನ್ನ ಕಣ್ಣ ಹ್ವಾದ್ವು. ಇನ್ನ ನನ್ನ ಕಡೆಯಿಂದ ಆಗೂದಿಲ್ಲ."

ನಾಲ್ಕು ಜನರ ಮುಂದೆ ಅವರು ಆ ಮಾತು ಹೇಳಿದ್ದು ಅದೇ ಮೊದಲು. ನಾನು ಮೂರು ಹೆಜ್ಜೆ ದೂರದಲ್ಲಿ ಗಾಡಿಯ ಹ್ಯಾಂಡಲ್ ಹಿಡಿದು ನಿಂತಿದ್ದೆ. ಬಾಯಿ ತೆರೆಯಲು ಅದಕ್ಕಿಂತ ಸರಿಯಾದ ಜಾಗ ಇರಲಿಲ್ಲ. ನಾನು ಗಾಡಿ ಚಾಲೂ ಮಾಡಿದೆ.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಕಾಕಾ ಗೋಕಾಕದಲ್ಲಿ ಕಣ್ಣು ತೋರಿಸಿದರು. ಡಾಕ್ಟರು, ತುಸು ಪೊರೆ ಬರಲು ಶುರುವಾಗಿದೆ, ಈ ವಯಸ್ಸಿಗೆ ಎಲ್ಲರಿಗೂ ಬರುವಂಥದ್ದು, ಸದ್ಯ ಏನೂ ಬೇಡ ಎಂದರಂತೆ. ಕಾಕಾನ ಕಿವಿಗೆ ಬಿದ್ದದ್ದು ಪೊರೆ ಎಂಬುದಷ್ಟೇ. ಸಂಕ್ರಾಂತಿಯ ದಿನ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ತಂಗಿಯ ಮಗನ ಟ್ರ್ಯಾಕ್ಟರಿಗೆ ಹೇರಿ ಕಳಿಸಿಕೊಟ್ಟರು. ಪೂಜೆ ಮಾಡಿ ಕೊಟ್ಟ ಅಡಿಗಲ್ಲನ್ನು ಕಂಬಾರ ಮರಳಿ ಕೇಳುವುದಿಲ್ಲ. ನನಗೆ ಸುದ್ದಿ ಗೊತ್ತಾದದ್ದು ಅದು ಹೋದ ಮೇಲೆ.

ನಾನು ಹೇಳಿದ್ದು ಹೋಳಿಹುಣ್ಣಿಮೆಯ ಮರುವಾರ. ಮಧ್ಯಾಹ್ನ ಹೋದೆ. ಕಾಕಾ ಅಂಗಳದ ಬೇವಿನ ನೆರಳಲ್ಲಿ ಕೂತಿದ್ದರು, ನಿಜವಾಗಿ ಕೂತಿದ್ದರು, ಕಾಲು ಚಾಚಿ, ಮೊರದಲ್ಲಿ ಶೇಂಗಾ ಹಾಕಿಕೊಂಡು ಒಡೆಯುತ್ತ. ಕೂಡ್ರಿ ಎಂದರೆ ನನಗೆ ಕೂಡಲಾಗಲಿಲ್ಲ. ನಿಂತೇ ಹೇಳಿದೆ. ಶೀಟಿನ ಸಂಗತಿ, ಕಪ್ಪು ಗಾಜಿನ ಸಂಗತಿ, ಪಾಠದ ನಡುವೆ ನಾಲಿಗೆ ನಿಂತದ್ದು, ಹುಕ್ಕೇರಿಗೆ ಹೋಗುವ ಮೊದಲೇ ನನಗೆ ಗೊತ್ತಿದ್ದದ್ದು, ಎಲ್ಲ. "ನಿಮ್ಮ ಕಣ್ಣಿಂದ ಏನೂ ತಪ್ಪಿಲ್ರಿ ಕಾಕಾ. ಬೆಳಕು ಕೆಡಸ್ತು. ಆ ಬೆಳಕು ಹಾಕಿದಾವ ನಾನು" ಎಂದು ಮುಗಿಸಿದೆ. ಅಳು ಬಂದಿತ್ತು, ಅತ್ತೆ.

ಅವರು ಶೇಂಗಾ ಒಡೆಯುವುದನ್ನು ನಿಲ್ಲಿಸಿ ಕೇಳಿದರು. ಆಮೇಲೆ ಮೆಲ್ಲಗೆ ನಕ್ಕರು.

"ಮಾಸ್ತರ, ನೀವು ಭಾಳ ದೊಡ್ಡ ಮನಸಿನವ್ರು. ಮುದುಕ ಕೊರಗಬಾರದಂತ ತಪ್ಪು ತಮ್ಮ ಮ್ಯಾಲ ಹಾಕ್ಕೊಳ್ಳಾಕ ಬಂದೀರಿ."

"ಇಲ್ರಿ ಕಾಕಾ, ಖರೇನ ಹೇಳಾಕತ್ತೇನಿ. ನಿಮ್ಮ ಅಪ್ಪಾರು ಕಿಟಕಿ ಯಾಕ ಇಟ್ಟಿರಲಿಲ್ಲ ಅಂತ ತಿಳದೀರಿ?"

"ಗಾಳಿಗೆ ಕಿಡಿ ಹಾರಿ ಬಣವಿಗೆ ಬೆಂಕಿ ಬೀಳ್ತೈತಿ ಅಂತ. ನಮ್ಮಪ್ಪ ತಾನ ಹೇಳ್ಯಾನ." ಅವರು ಎದ್ದು ಧೋತರ ಕೊಡವಿಕೊಂಡರು. "ಹನ್ನೊಂದು ದಿನ ನನ್ನ ಹಿಂದ ಮುಂದ ತಿರುಗಿದ್ರಿ. ಸ್ವಂತ ಮಗಾ ಇದ್ರೂ ತಿರಗತಿದ್ದಿಲ್ಲ. ಅಂಥಾವ್ರು ಹಿಂಗ ಏನೇನೋ ಹೇಳಬ್ಯಾಡ್ರಿ. ಡಾಕ್ಟರನ ಹೇಳ್ಯಾನ ಪೊರಿ ಐತಿ ಅಂತ. ನಿಂದರ್ರಿ, ನಿಮ್ಮ ಮನಿಗೆ ಒಂದೀಟು ಹಸಿ ಶೇಂಗಾ ಕೊಡ್ತೇನಿ" ಎಂದು ಹಿತ್ತಲಿಗೆ ಹೋದರು.

ಹೊಸ್ತಿಲ ಮೇಲೆ ಕಾಕು ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಕೈಯಲ್ಲಿ ನನಗೆಂದು ತಂದ ಚಹಾದ ಕಪ್ಪು ಇತ್ತು.

"ಖರೇ ಏನ್ರಿ?" ಎಂದು ಕೇಳಿದರು.

"ಖರೇರಿ ಕಾಕು."

ಅವರು ಹಿತ್ತಲ ಕಡೆ ಒಮ್ಮೆ ನೋಡಿದರು. ದನಿ ಏರಿಸಲಿಲ್ಲ.

"ಇನ್ನೊಮ್ಮಿ ಅವ್ರ ಮುಂದ ಈ ಮಾತು ಆಡಬ್ಯಾಡ್ರಿ. ಕಣ್ಣ ಹ್ವಾದ್ವು ಅಂತ ಮನಸಿಗೆ ಹೆಂಗೋ ತಿಳಿ ಹೇಳ್ಕೊಂಡಾರ. ರಾತ್ರಿ ನಿದ್ದಿ ಹತ್ತಾಕತ್ತೇತಿ. ಕಣ್ಣು ಸರಿ ಇದ್ದಾಗನ ಅಡಿಗಲ್ಲ ಕೊಟ್ಟೆ ಅಂತ ಗೊತ್ತಾದ್ರ ಆ ಜೀವ ತಡಕೊಳ್ಳಾಂಗಿಲ್ಲ. ಹೇಳೂದು ಇತ್ತಂದ್ರ ಆವಾಗ ಹೇಳಬೇಕಾಗಿತ್ತು."

ನಾನು ತಲೆ ಆಡಿಸಿದೆ. ಕಪ್ಪು ಅವರ ಕೈಯಲ್ಲೇ ಇತ್ತು. ಅಷ್ಟರಲ್ಲಿ ಕಾಕಾ ಶೇಂಗಾದ ಚೀಲ ಹಿಡಿದು ಬಂದು, "ಏನ ಮಾತಾಡಾಕತ್ತೀರಿ ಇಬ್ರೂ? ಮಾಸ್ತರಿಗೆ ಚಹಾ ಕೊಟ್ಟಿಲ್ಲೇನು?" ಎಂದರು.

"ಅವ್ರು ಹೊಂಟಾರ" ಎಂದರು ಕಾಕು.